ಜಾಕ್ ಹೆರರ್ ಗಾಂಜಾ: ಎಲೆ, ವಾಸನೆ, ಅಮಲು ಒಂದೇ ಹೆಸರಲ್ಲಿ ಸೇರಿಕೊಂಡದ್ದು ಹೇಗೆ?

ಗಾಂಜಾ ಮಾರಾಟಕ್ಕೆ ಕಾನೂನಿನ ಒಪ್ಪಿಗೆ ಇರುವ ದೇಶಗಳಲ್ಲಿ ಡಬ್ಬಿಯ ಮೇಲೊಂದು ಚೀಟಿ ಅಂಟಿಸಿರುತ್ತಾರೆ. ತಳಿಯ ಹೆಸರು, ಅದರ ಕೆಳಗೆ 'ಸಟೈವಾ ಹೆಚ್ಚು' ಅಂತ ಒಂದು ಸಾಲು, ಪಕ್ಕದಲ್ಲಿ ಟಿಎಚ್‌ಸಿ, ಅಂದರೆ ಅಮಲು ಏರಿಸುವ ಮುಖ್ಯ ವಸ್ತು, ಶೇಕಡಾ ಎಷ್ಟು ಅನ್ನುವ ಅಂಕಿ. ಬಾಯಿಮಾತಿನ ಲೆಕ್ಕ ಇನ್ನೂ ಸರಳ: ಗಾಂಜಾದಲ್ಲಿ ಎರಡು ಬಗೆ. ಸಟೈವಾ ಹಗಲಿಗೆ, ತಲೆ ಚುರುಕಾಗುತ್ತದೆ, ಮಾತು ಜಾಸ್ತಿಯಾಗುತ್ತದೆ. ಇಂಡಿಕಾ ರಾತ್ರಿಗೆ, ಮೈ ಭಾರವಾಗುತ್ತದೆ, ನಿದ್ದೆ ಎಳೆಯುತ್ತದೆ. ನೆನಪಿಟ್ಟುಕೊಳ್ಳೋಕೆ ಸುಲಭ. ಆದರೆ ಗಿಡದ ಒಳಗೆ ಇಣುಕಿದರೆ ಸಂಗತಿ ಇಷ್ಟು ಸಲೀಸಾಗಿಲ್ಲ.

ಎಲೆ ಸಪೂರವಾಗಿರುವುದು, ವಾಸನೆ ಪೈನ್ ಮರದ ಹಾಗಿರುವುದು, ಅಮಲು ಮೈಗಿಂತ ತಲೆಗೆ ಹೆಚ್ಚು ಏರುವುದು. ಈ ಮೂರನ್ನೂ ನಾವು 'ಸಟೈವಾ' ಅನ್ನುವ ಒಂದೇ ಪದದಲ್ಲಿ ಗಂಟು ಹಾಕಿದ್ದೇವೆ. ಗಿಡಕ್ಕೆ ಮಾತ್ರ ಇವು ಮೂರು ಬೇರೆ ಬೇರೆ ಎಳೆಗಳು. ಒಂದು ಬಂದರೆ ಇನ್ನೊಂದು ಬರಲೇಬೇಕು ಅಂತೇನೂ ಇಲ್ಲ.

ಈ ಗಂಟು ಬಿಚ್ಚೋಕೆ ಒಂದೇ ಒಂದು ತಳಿಯನ್ನು ಹಿಡಿದುಕೊಳ್ಳೋಣ: ಜಾಕ್ ಹೆರರ್. ಸಟೈವಾ ಹೆಚ್ಚಿರುವ ತಳಿಗಳ ಮಾತು ಬಂದಾಗ ಮೊದಲ ನಾಲ್ಕೈದು ಹೆಸರುಗಳಲ್ಲೇ ಇದು ಕೇಳಿಬರುತ್ತದೆ. ವಾಸನೆಯಿಂದಲೇ ಗುರುತು ಹಿಡಿಯಬಹುದಾದ ತಳಿ ಅಂತ ಹೆಸರುವಾಸಿ. ಅದರ ವಂಶದ ಕತೆಯೂ ಸುಮಾರು ಗೊತ್ತಿದೆ. 'ಸುಮಾರು' ಅಂದದ್ದು ಯಾಕೆ ಅನ್ನೋದು ಮುಂದೆ ತಿಳಿಯುತ್ತದೆ.

ಹೆಸರಿನ ಅದಲುಬದಲು

ಸಟೈವಾ ಅನ್ನುವ ಪದಕ್ಕೂ ಅಮಲಿಗೂ ಹುಟ್ಟಿನಲ್ಲಿ ಸಂಬಂಧವೇ ಇಲ್ಲ. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ 'ಬೆಳೆಸಿದ್ದು'. ಅಂದರೆ ಕಾಡಿನದ್ದಲ್ಲ, ಹೊಲದ್ದು. ಭತ್ತದ ವೈಜ್ಞಾನಿಕ ಹೆಸರು ಒರೈಜಾ ಸಟೈವಾ, ಓಟ್ಸ್‌ನದ್ದು ಅವೆನಾ ಸಟೈವಾ. 1753ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ 'ಕ್ಯಾನಬಿಸ್ ಸಟೈವಾ' ಅಂತ ಹೆಸರಿಟ್ಟಾಗ ಅವರ ಕಣ್ಣ ಮುಂದೆ ಇದ್ದದ್ದು ಯುರೋಪಿನವರು ಹಗ್ಗಕ್ಕೆ, ಬಟ್ಟೆಗೆ ಬೆಳೆಯುತ್ತಿದ್ದ ನಾರಿನ ಗಿಡ. ಸೇದಿದರೆ ಗಂಟಲು ಉರಿಯಬಹುದೇ ಹೊರತು ಅಮಲು ಏರುವಂಥದ್ದಲ್ಲ.

ಆಮೇಲೆ 1785ರಲ್ಲಿ ಫ್ರಾನ್ಸಿನ ಲಮಾರ್ಕ್ ಕೈಗೆ ಭಾರತದಿಂದ ಹೋದ ಮಾದರಿಗಳು ಸಿಕ್ಕವು. ಈ ಗಿಡ ಯುರೋಪಿನದ್ದರ ಹಾಗಿರಲಿಲ್ಲ. ಕೊಂಬೆ ಜಾಸ್ತಿ, ಎಲೆಯ ದಳಗಳು ಸಪೂರ, ವಾಸನೆ ಗಾಢ. ತಲೆಗೇರುವುದೇ ಇದರ ಮುಖ್ಯ ಗುಣ ಅಂತ ಅವರು ಗುರುತಿಸಿದರು. ಇದು ಬೇರೆ ಜಾತಿಯೇ ಅಂದುಕೊಂಡು 'ಕ್ಯಾನಬಿಸ್ ಇಂಡಿಕಾ' ಅಂತ ಕರೆದರು. ಇಲ್ಲಿವರೆಗೆ ಲೆಕ್ಕ ನೇರವಾಗಿದೆ. ನಾರಿನದ್ದು ಸಟೈವಾ, ಅಮಲಿನದ್ದು ಇಂಡಿಕಾ.

ಎಡವಟ್ಟಾದದ್ದು 1970ರ ದಶಕದಲ್ಲಿ. ಅಮೆರಿಕದ ಸಸ್ಯವಿಜ್ಞಾನಿ ರಿಚರ್ಡ್ ಇವಾನ್ಸ್ ಶುಲ್ಟೆಸ್ ಅಫ್ಘಾನಿಸ್ತಾನದಲ್ಲಿ ಗಿಡ್ಡಗೆ, ಪೊದೆಯ ಹಾಗೆ, ಅಗಲ ಎಲೆ ಬಿಟ್ಟುಕೊಂಡು ಬೆಳೆದ ಗಾಂಜಾ ಗಿಡಗಳನ್ನು ನೋಡಿದರು. ಅವುಗಳಿಗೆ ಇಂಡಿಕಾ ಅನ್ನುವ ಹೆಸರು ಕೊಟ್ಟರು. ಗಿಡ್ಡ, ಅಗಲ ಎಲೆಯದ್ದು ಇಂಡಿಕಾ ಅಂತಾದ ಮೇಲೆ ಎತ್ತರದ, ಸಪೂರ ಎಲೆಯದ್ದಕ್ಕೆ ಉಳಿದದ್ದು ಒಂದೇ ಹೆಸರು. ಹೀಗೆ ಉಷ್ಣವಲಯದ ಅಮಲಿನ ಗಿಡಗಳೆಲ್ಲ ಸಟೈವಾ ಆಗಿಬಿಟ್ಟವು. ಬೆಳೆಗಾರರ ಬಾಯಲ್ಲಿ ಅದೇ ನಿಂತಿತು.

ಲಮಾರ್ಕ್ ಇವತ್ತು ಎದ್ದು ಬಂದು ಜಾಕ್ ಹೆರರ್‌ನ ಪೂರ್ವಜರನ್ನು ನೋಡಿದರೆ, 'ಇದು ನಾನು ಇಂಡಿಕಾ ಅಂದ ಗಿಡ ಅಲ್ವಾ?' ಅಂತ ಕೇಳಿಯಾರು. ಲಿನೇಯಸ್ ಅಂತೂ ಅದನ್ನು ಸಟೈವಾ ಅಂದರೆ ಒಪ್ಪುವುದು ಅನುಮಾನ. ಈ ಗೊಂದಲ ಬೇಡ ಅಂತ ಈಗ ಕೆಲವು ವಿಜ್ಞಾನಿಗಳು 'ಸಪೂರ ಎಲೆಯದ್ದು', 'ಅಗಲ ಎಲೆಯದ್ದು' ಅಂತಷ್ಟೇ ಹೇಳುತ್ತಾರೆ. ನನಗಂತೂ ಅದೇ ಸರಿ ಅನ್ನಿಸುತ್ತದೆ. ಕಣ್ಣಿಗೆ ಕಂಡದ್ದನ್ನು ಹೇಳಿದ ಹಾಗಾಯಿತು, ಕಾಣದ್ದನ್ನು ಹೇಳಿದ ಹಾಗಾಗಲಿಲ್ಲ.

ಎಲೆಯ ವ್ಯತ್ಯಾಸಕ್ಕೂ ಒಂದು ಕಾರಣ ಇದೆ. ಭೂಮಧ್ಯರೇಖೆಯ ಹತ್ತಿರ ಬಿಸಿಲು, ಸೆಕೆ, ತೇವ ಎಲ್ಲ ಜಾಸ್ತಿ, ಚಳಿಗಾಲದ ಹೆದರಿಕೆ ಕಮ್ಮಿ. ಅಲ್ಲಿನ ಗಿಡಕ್ಕೆ ಅವಸರವಿಲ್ಲ. ಎತ್ತರಕ್ಕೆ ಬೆಳೆಯುತ್ತದೆ, ಹೂ ಬಲಿಯೋಕೆ 10ರಿಂದ 14 ವಾರ ತೆಗೆದುಕೊಳ್ಳುತ್ತದೆ. ಹಿಂದೂಕುಷ್ ಬೆಟ್ಟಗಳ ಗಿಡಕ್ಕೆ ಆ ಪುರುಸೊತ್ತಿಲ್ಲ. ಹಿಮ ಬೀಳುವ ಮೊದಲೇ ಬೀಜ ಕಟ್ಟಬೇಕು. ಅದು ಏಳರಿಂದ ಒಂಬತ್ತು ವಾರದಲ್ಲಿ ಕೆಲಸ ಮುಗಿಸುತ್ತದೆ, ಗಿಡ್ಡಗೇ ಉಳಿಯುತ್ತದೆ. ಎಲೆಯೂ ಎತ್ತರವೂ ಹೇಳುವುದು ಗಿಡ ಯಾವ ಹವೆಯಿಂದ ಬಂತು ಅನ್ನೋದನ್ನು. ಅದನ್ನು ಸೇದಿದವರಿಗೆ ಏನಾಗುತ್ತದೆ ಅನ್ನೋದನ್ನಲ್ಲ.

ಜಾಕ್‌ನ ಅಪ್ಪ, ಅಮ್ಮ, ಮತ್ತೆ ಎಲ್ಲ ತಾತಂದಿರು

ಜಾಕ್ ಹೆರರ್ ಅನ್ನೋದು ಒಬ್ಬ ಮನುಷ್ಯನ ಹೆಸರು. ಅವರು ಅಮೆರಿಕದವರು, ಹುಟ್ಟಿದ್ದು 1939ರಲ್ಲಿ, ತೀರಿಕೊಂಡದ್ದು 2010ರಲ್ಲಿ. ಗಾಂಜಾ ಗಿಡದ ನಾರು, ಕಾಗದ, ಎಣ್ಣೆ ಇವುಗಳ ಪರವಾಗಿ ದಶಕಗಳ ಕಾಲ ವಾದ ಮಾಡಿಕೊಂಡು ಬಂದವರು. ಲಿನೇಯಸ್ ಹೆಸರಿಟ್ಟ ನಾರಿನ ಗಿಡದ ಪರ ಹೋರಾಡಿದವರ ಹೆಸರು ಕೊನೆಗೆ ಹೋಗಿ ಕೂತದ್ದು ಅಮಲಿನ ತಳಿಯೊಂದರ ಮೇಲೆ. 1990ರ ದಶಕದಲ್ಲಿ ನೆದರ್ಲೆಂಡ್ಸ್‌ನ ಸೆನ್ಸಿ ಸೀಡ್ಸ್ ಅನ್ನುವ ಬೀಜದ ಕಂಪನಿ ಅವರ ಗೌರವಕ್ಕೆ ಅಂತ ಈ ತಳಿಗೆ ಆ ಹೆಸರು ಕೊಟ್ಟಿತು.

ಇದರ ವಂಶದಲ್ಲಿ ಮೂರು ಹೆಸರು ಬರುತ್ತವೆ: ಹೇಜ್, ನಾರ್ದರ್ನ್ ಲೈಟ್ಸ್ ನಂಬರ್ 5, ಮತ್ತು ಸ್ಕಂಕ್. ಇವುಗಳಲ್ಲಿ ಸಟೈವಾ ಪಾಲು ಬರುವುದು ಹೆಚ್ಚಾಗಿ ಹೇಜ್‌ನಿಂದ. ಹೇಜ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಸುತ್ತಮುತ್ತ. ಕೊಲಂಬಿಯಾ, ಮೆಕ್ಸಿಕೋ, ಥಾಯ್ಲೆಂಡ್, ದಕ್ಷಿಣ ಭಾರತ ಈ ನಾಲ್ಕು ಕಡೆಯ ಬೀಜಗಳು ಬೆರೆತು ಆದದ್ದು ಅಂತ ಬೆಳೆಗಾರರು ಹೇಳುತ್ತಾ ಬಂದಿದ್ದಾರೆ. ಹೇಜ್‌ಗೆ ಒಳ್ಳೆಯ ಹೆಸರಿತ್ತು, ಆದರೆ ಬೆಳೆಯೋಕೆ ಭಾರಿ ಕಷ್ಟ. ಮೂರು ತಿಂಗಳಾದರೂ ಹೂ ಬಲಿಯದು. ಮನೆಯೊಳಗೆ ದೀಪದ ಕೆಳಗೆ ಬೆಳೆದರೆ ಸೂರಿಗೆ ತಾಗುತ್ತದೆ.

ಬೀಜದವರು ಇದಕ್ಕೆ ಕಂಡುಕೊಂಡ ಉಪಾಯ ಅಡ್ಡತಳಿ. ನಾರ್ದರ್ನ್ ಲೈಟ್ಸ್ ಹೆಚ್ಚಿನ ಪಾಲು ಅಫ್ಘಾನ್ ಮೂಲದ್ದು, ಗಿಡ್ಡ, ಬೇಗ ಬಲಿಯುವಂಥದ್ದು. ಅದನ್ನು ಹೇಜ್‌ಗೆ ಸೇರಿಸಿದರು. ವಾಸನೆ ಹೇಜ್‌ನದ್ದು, ಅವಧಿ ಅಫ್ಘಾನ್ ಗಿಡದ್ದು ಬರಲಿ ಅನ್ನುವುದು ಆಸೆ. ಸ್ಕಂಕ್‌ನ ಒಳಗೇ ಅಫ್ಘಾನ್, ಕೊಲಂಬಿಯಾ, ಮೆಕ್ಸಿಕೋ ಮೂರೂ ಇವೆ. ಹಾಗಾಗಿ ಜಾಕ್‌ಗೆ ಕೊಲಂಬಿಯಾದ ಪಾಲು ಎರಡು ದಾರಿಯಲ್ಲಿ ಬಂದ ಹಾಗಾಯಿತು. ದಾಯಾದಿ ಸಂಬಂಧ ಬಿಡಿಸೋಕೆ ಕೂತರೆ ಕಾಗದ ಸಾಲದು.

ಈಗ ಚೀಟಿಯ ಮೇಲಿನ ಲೆಕ್ಕಕ್ಕೆ ಬರೋಣ. ಜಾಕ್ ಹೆರರ್ 'ಸಟೈವಾ 55, ಇಂಡಿಕಾ 45' ಅಂತ ಒಂದು ಕಡೆ ಇದ್ದರೆ, ಇನ್ನೊಂದು ಕಡೆ ಬೇರೆಯೇ ಅಂಕಿ ಇರುತ್ತದೆ. ಇದನ್ನು ಯಾರೂ ಗಿಡದ ಜೀನ್ ಓದಿ ಬರೆದದ್ದಲ್ಲ. ವಂಶವೃಕ್ಷ ಹಿಡಿದುಕೊಂಡು ಮಾಡಿದ ಕೂಡಿಸು ಕಳೆ. ಅಮ್ಮ ನೂರಕ್ಕೆ ನೂರು ಸಟೈವಾ, ಅಪ್ಪ ನೂರಕ್ಕೆ ನೂರು ಇಂಡಿಕಾ ಅಂದುಕೊಂಡರೆ ಮಗು ಅರ್ಧ ಅರ್ಧ. ಮೊದಲ ತಲೆಮಾರಿಗೆ ಇದು ಸರಿಯೇ. ಆದರೆ ಆ ಮಕ್ಕಳನ್ನು ಮತ್ತೆ ಬೆರೆಸಿದಾಗ ಈ ಲೆಕ್ಕ ನಿಲ್ಲುವುದಿಲ್ಲ.

ಗಾಂಜಾ ಗಿಡದಲ್ಲಿ 20 ಕ್ರೋಮೊಸೋಮ್‌ಗಳಿವೆ, ಅಂದರೆ 10 ಜೋಡಿ. ನಮ್ಮ ಹಾಗೆಯೇ ಗಂಡು ಹೆಣ್ಣು ಬೇರೆ ಬೇರೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಒಂದು ವೈ. ಪ್ರತಿ ಬೀಜ ಆಗುವಾಗಲೂ ಈ ಜೋಡಿಗಳು ಇಸ್ಪೀಟಿನ ಕಟ್ಟಿನ ಹಾಗೆ ಕಲಸಿಹೋಗುತ್ತವೆ. ಒಂದೇ ಅಪ್ಪ ಅಮ್ಮನ ಮಕ್ಕಳಲ್ಲಿ ಒಬ್ಬರಿಗೆ ಅಜ್ಜಿಯ ಮೂಗು ಬಂದರೆ ಇನ್ನೊಬ್ಬರಿಗೆ ತಾತನ ಬೋಳುತಲೆ ಬರುತ್ತದಲ್ಲ, ಅದೇ ಥರ. ಜಾಕ್ ಹೆರರ್ ಬೀಜ ಹತ್ತು ಬಿತ್ತಿದರೆ ಹತ್ತೂ ಒಂದೇ ಥರ ಬರುವುದಿಲ್ಲ. ಒಂದು ಹೇಜ್‌ನ ಹಾಗೆ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಇನ್ನೊಂದು ನಾರ್ದರ್ನ್ ಲೈಟ್ಸ್‌ನ ಹಾಗೆ ಗಿಡ್ಡಗೆ, ದಪ್ಪ ಹೂ ಕಟ್ಟುತ್ತದೆ. ಎರಡರ ಹೆಸರೂ ಜಾಕ್ ಹೆರರ್ರೇ.

ಒಂದೇ ಥರ ಬೇಕಾದರೆ ಕಡ್ಡಿ ಕತ್ತರಿಸಿ ನೆಡಬೇಕು. ದಾಸವಾಳ, ಗುಲಾಬಿಗೆ ಮಾಡುವ ಹಾಗೆ. ಕಡ್ಡಿಯಿಂದ ಬಂದ ಗಿಡದ ಜೀನ್ ತಾಯಿಗಿಡದ್ದೇ. ಹಾಗಾಗಿ 'ತಳಿ' ಅನ್ನುವ ಪದವನ್ನು ಎರಡು ಅರ್ಥದಲ್ಲಿ ಬಳಸುತ್ತಿದ್ದೇವೆ ಅನ್ನೋದು ಗಮನದಲ್ಲಿರಲಿ. ಕಡ್ಡಿಯ ಜಾಕ್ ಅಂದರೆ ಒಂದೇ ಗಿಡದ ನಕಲುಗಳು. ಬೀಜದ ಜಾಕ್ ಅಂದರೆ ಅಣ್ಣತಮ್ಮಂದಿರು.

ಇನ್ನು ಹೆಸರು ಹೇಳುವುದಕ್ಕೂ ಒಳಗಿರುವುದಕ್ಕೂ ಎಷ್ಟು ಹೊಂದುತ್ತದೆ ಅಂತ ವಿಜ್ಞಾನಿಗಳು ನೋಡಿದ್ದಾರೆ. 2015ರಲ್ಲಿ ಕೆನಡಾದ ಒಂದು ತಂಡ ಅಮಲಿನ 81 ಮಾದರಿ, ನಾರಿನ 43 ಮಾದರಿ ತೆಗೆದುಕೊಂಡು ಜೀನ್ ಪರೀಕ್ಷೆ ಮಾಡಿತು. ನಾರಿನದ್ದೂ ಅಮಲಿನದ್ದೂ ಬೇರೆ ಬೇರೆ ಅನ್ನೋದು ಸ್ಪಷ್ಟವಾಗಿ ಕಂಡಿತು. ಆದರೆ ಅಮಲಿನ ಗಿಡಗಳಲ್ಲಿ ಸಟೈವಾ, ಇಂಡಿಕಾ ಭಾಗಕ್ಕೆ ಬಂದಾಗ ಚಿತ್ರ ಮಸುಕಾಯಿತು. ಶೇಕಡಾ 100 ಸಟೈವಾ ಅಂತ ಹೆಸರಾದ ಜಮೈಕಾದ ಒಂದು ಮಾದರಿ, ಶೇಕಡಾ 100 ಇಂಡಿಕಾ ಅಂತ ಹೇಳಲಾದ ಅಫ್ಘಾನ್ ಮಾದರಿಗೆ ಹೆಚ್ಚುಕಮ್ಮಿ ಅವಳಿಯಷ್ಟು ಹತ್ತಿರ ಇತ್ತು. ಒಂದೇ ಹೆಸರಿನ ಮಾದರಿಗಳು ಎಷ್ಟೋ ಸಲ ಬೇರೆ ಹೆಸರಿನವುಗಳಿಗೇ ಹೆಚ್ಚು ಹತ್ತಿರ ಇದ್ದವು.

ಒಂದು ಅಡುಗೆಮನೆ, ಎರಡು ಒಲೆ

ಬಲಿತ ಹೆಣ್ಣು ಹೂವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದರ ಮೇಲೆಲ್ಲ ಗಾಜಿನ ಅಣಬೆಗಳನ್ನು ನೆಟ್ಟ ಹಾಗೆ ಕಾಣುತ್ತದೆ. ತೆಳ್ಳನೆಯ ಕಾಂಡ, ಅದರ ತುದಿಯಲ್ಲಿ ದುಂಡನೆಯ ತಲೆ. ತಲೆಯ ಅಗಲ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗವೂ ಇರಲಿಕ್ಕಿಲ್ಲ. ಮೊದಲು ನೀರಿನಷ್ಟು ತಿಳಿಯಾಗಿರುತ್ತದೆ, ಬಲಿಯುತ್ತಾ ಹಾಲಿನ ಬಣ್ಣಕ್ಕೆ, ಆಮೇಲೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಬೆರಳು ತಾಗಿಸಿದರೆ ಒಡೆದು ಅಂಟಿಕೊಳ್ಳುತ್ತದೆ. ಗಾಂಜಾದ ಅಮಲೂ ವಾಸನೆಯೂ ಬಹುಪಾಲು ಈ ದುಂಡು ತಲೆಗಳಲ್ಲೇ ತಯಾರಾಗುವುದು.

ಅಷ್ಟೇ ಅಲ್ಲ, ಎರಡಕ್ಕೂ ಕಚ್ಚಾ ಸಾಮಾನು ಒಂದೇ. ಹತ್ತು ಇಂಗಾಲದ ಒಂದು ಸಣ್ಣ ಅಣು ಇದೆ, ಜೆರನೈಲ್ ಪೈರೋಫಾಸ್ಫೇಟ್ ಅಂತ. ಒಂದು ಕಡೆ ಅದು ಒಲಿವೆಟಾಲಿಕ್ ಆಮ್ಲದ ಜೊತೆ ಸೇರಿ ಸಿಬಿಜಿಎ ಆಗುತ್ತದೆ. ಟಿಎಚ್‌ಸಿಗೂ, ಗಾಂಜಾದಲ್ಲೇ ಇರುವ ಆದರೆ ಅಮಲು ಏರಿಸದ ಸಿಬಿಡಿಗೂ ತಾಯಿ ಇದೇ. ಇನ್ನೊಂದು ಕಡೆ ಅದೇ ಅಣು ಟರ್ಪೀನ್ ಮಾಡುವ ಕಿಣ್ವಗಳ ಕೈಗೆ ಹೋದರೆ ಲಿಮೊನೀನ್, ಪೈನೀನ್ ಥರದ ಘಮ ಕೊಡುವ ವಸ್ತುಗಳಾಗುತ್ತವೆ; ಟರ್ಪೀನ್ ಅಂದರೆ ಇವೇ. ಅಡುಗೆಮನೆ ಒಂದೇ, ಅಕ್ಕಿಯೂ ಒಂದೇ, ಒಲೆ ಮಾತ್ರ ಬೇರೆ.

ಅಮಲಿನ ಒಲೆಯ ಲೆಕ್ಕ ಅಚ್ಚುಕಟ್ಟಾಗಿದೆ. ಸಿಬಿಜಿಎಯನ್ನು ಒಂದು ಕಿಣ್ವ ಟಿಎಚ್‌ಸಿಎ (ಟಿಎಚ್‌ಸಿಯ ಹಸಿ ರೂಪ) ಮಾಡುತ್ತದೆ, ಇನ್ನೊಂದು ಕಿಣ್ವ ಸಿಬಿಡಿಎ (ಸಿಬಿಡಿಯ ಹಸಿ ರೂಪ) ಮಾಡುತ್ತದೆ. ಯಾವ ಕಿಣ್ವ ಕೆಲಸ ಮಾಡಬೇಕು ಅನ್ನೋದು ಕ್ರೋಮೊಸೋಮ್‌ನ ಒಂದೇ ಜಾಗದಲ್ಲಿ ತೀರ್ಮಾನವಾಗುತ್ತದೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಟಿಎಚ್‌ಸಿ ಗಿಡವನ್ನೂ ಸಿಬಿಡಿ ಗಿಡವನ್ನೂ ಬೆರೆಸಿದರು. ಮಕ್ಕಳಲ್ಲಿ ಎಲ್ಲವೂ ಎರಡನ್ನೂ ಮಾಡಿದವು. ಮೊಮ್ಮಕ್ಕಳಲ್ಲಿ ಕಾಲು ಭಾಗ ಬರೀ ಟಿಎಚ್‌ಸಿ, ಅರ್ಧ ಭಾಗ ಮಿಶ್ರ, ಕಾಲು ಭಾಗ ಬರೀ ಸಿಬಿಡಿ. ಶಾಲೆಯ ಪುಸ್ತಕದಲ್ಲಿ ಮೆಂಡೆಲ್‌ನ ಬಟಾಣಿ ಓದಿದವರಿಗೆ ಈ ಅನುಪಾತ ನೆನಪಿದ್ದೀತು.

ಜಾಕ್ ಹೆರರ್ ಬರೀ ಟಿಎಚ್‌ಸಿ ಗುಂಪಿನದ್ದು. ಸಿಬಿಡಿ ಸಾಮಾನ್ಯವಾಗಿ ಶೇಕಡಾ ಒಂದಕ್ಕಿಂತ ಕಮ್ಮಿ. ಇವತ್ತು ಮಾರುಕಟ್ಟೆಯಲ್ಲಿರುವ ಬಹುಪಾಲು 'ಇಂಡಿಕಾ'ಗಳೂ ಇದೇ ಗುಂಪಿನವು. ಅಂದರೆ ಅಮಲಿನ ಮುಖ್ಯ ವಸ್ತುವಿನ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಎಲೆ ಸಪೂರವೋ ಅಗಲವೋ ಅನ್ನೋದನ್ನು ತೀರ್ಮಾನಿಸುವ ಜೀನ್‌ಗಳು ಬೇರೆ. ಹಾಗಾಗಿ ಸಪೂರ ಎಲೆಯ ಸಿಬಿಡಿ ಗಿಡವೂ ಇರಬಹುದು, ಅಗಲ ಎಲೆಯ ಟಿಎಚ್‌ಸಿ ಗಿಡವೂ ಇರಬಹುದು. ಎರಡೂ ಇವೆ.

ಇನ್ನೊಂದು ಮಾತು. ಹಸಿ ಹೂವಿನಲ್ಲಿ ಇರುವುದು ಟಿಎಚ್‌ಸಿ ಅಲ್ಲ, ಟಿಎಚ್‌ಸಿಎ. ಅದು ತಲೆಗೇರುವುದಿಲ್ಲ. ಬಿಸಿ ತಾಗಿದಾಗ ಅದರಿಂದ ಒಂದು ಇಂಗಾಲದ ಡೈಆಕ್ಸೈಡ್ ಕಳಚಿಕೊಂಡು ಟಿಎಚ್‌ಸಿ ಆಗುತ್ತದೆ. ಕಳಚಿದ್ದರಿಂದ ತೂಕವೂ ಇಳಿಯುತ್ತದೆ. ಅದಕ್ಕೇ ಲ್ಯಾಬ್‌ನವರು ಟಿಎಚ್‌ಸಿಎ ಅಂಕಿಯನ್ನು 0.877ರಿಂದ ಗುಣಿಸುತ್ತಾರೆ. ಟಿಎಚ್‌ಸಿಎ ಶೇಕಡಾ 20 ಇದ್ದರೆ ಕೈಗೆ ಸಿಗುವ ಟಿಎಚ್‌ಸಿ ಹೆಚ್ಚೆಂದರೆ 17.5. ಚೀಟಿ ಓದುವಾಗ ಯಾವ ಅಂಕಿ ಬರೆದಿದ್ದಾರೆ ಅಂತ ನೋಡದಿದ್ದರೆ ಎರಡು ಡಬ್ಬಿಗಳ ಹೋಲಿಕೆಯೇ ತಪ್ಪಾಗುತ್ತದೆ.

ಮೂಗಿಗೆ ಗೊತ್ತಾಗುವುದು

ಜಾಕ್ ಹೆರರ್‌ನ ಗುರುತು ಟರ್ಪಿನೊಲೀನ್ ಅನ್ನುವ ಟರ್ಪೀನ್. ಬಹುಪಾಲು ತಳಿಗಳಲ್ಲಿ ಮೊದಲ ಸ್ಥಾನ ಮರ್ಸೀನ್‌ದೋ ಕ್ಯಾರಿಯೊಫಿಲೀನ್‌ದೋ ಆಗಿರುತ್ತದೆ. ಟರ್ಪಿನೊಲೀನ್ ಮೊದಲು ಬರುವ ತಳಿಗಳು ಕಮ್ಮಿ, ಮತ್ತೆ ಅವುಗಳಲ್ಲಿ ಹೇಜ್ ವಂಶದವು ಜಾಸ್ತಿ. ಜಾಕ್ ಅದರಲ್ಲೊಂದು.

ಟರ್ಪಿನೊಲೀನ್ ವಾಸನೆಯನ್ನು ಒಂದೇ ಪದದಲ್ಲಿ ಹಿಡಿಯೋದು ಕಷ್ಟ. ಟೀ ಟ್ರೀ ಎಣ್ಣೆಯಲ್ಲಿ, ಜಾಯಿಕಾಯಿಯಲ್ಲಿ ಇದು ಸ್ವಲ್ಪ ಸ್ವಲ್ಪ ಇರುತ್ತದೆ. ಆಗ ತಾನೇ ಸೀಳಿದ ಪೈನ್ ಹಲಗೆ, ಅದರ ಮೇಲೆ ಯಾವುದೋ ಹೂವಿನ ಎಳೆ, ಹಿಂದೆ ಹಸಿ ಸೇಬಿನ ಸಿಪ್ಪೆಯಂಥ ಒಂದು ತಂಪು. ಜಾಕ್‌ನಲ್ಲಿ ಇದರ ಜೊತೆಗೆ ಪೈನೀನ್ ಸೇರಿ ಪೈನ್ ಇನ್ನೂ ಗಟ್ಟಿಯಾಗುತ್ತದೆ. ಕ್ಯಾರಿಯೊಫಿಲೀನ್ ಕರಿಮೆಣಸಿನ ಖಾರ ತರುತ್ತದೆ. ಲಿಮೊನೀನ್ ಇದ್ದರೆ ನಿಂಬೆ ಸಿಪ್ಪೆ. ಹೂವನ್ನು ಹಾಗೇ ಮೂಸಿದರೆ ಪೈನ್ ಮತ್ತು ನಿಂಬೆ ಮುಂದೆ ಬರುತ್ತವೆ. ಬೆರಳಲ್ಲಿ ತಿಕ್ಕಿ ಒಡೆದರೆ ಮೆಣಸು ಹೊರಗೆ ಬರುತ್ತದೆ. ಒಣಗಿದ ಹೂವಿನ ತೂಕದಲ್ಲಿ ಟರ್ಪೀನ್‌ಗಳೆಲ್ಲ ಸೇರಿ ಸಾಮಾನ್ಯವಾಗಿ ಶೇಕಡಾ ಒಂದರಿಂದ ಮೂರರಷ್ಟು. ಅಷ್ಟರಲ್ಲೇ ಕೋಣೆ ತುಂಬುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳೋಕೆ ಗಾಂಜಾ ಬೇಕಿಲ್ಲ. ಒಂದು ನಿಂಬೆ ಸಿಪ್ಪೆ ಮಡಚಿ ಹಿಂಡಿ. ಪಕ್ಕದಲ್ಲಿ ನಾಲ್ಕು ಕರಿಮೆಣಸು ಜಜ್ಜಿಡಿ. ಈಗ ಎರಡನ್ನೂ ಮೂಸಿ. ಒಂದು ದಿನ ಹಾಗೇ ಬಿಟ್ಟು ಮತ್ತೆ ಮೂಸಿ. ನಿಂಬೆಯ ಘಮ ಹೆಚ್ಚುಕಮ್ಮಿ ಹಾರಿಹೋಗಿರುತ್ತದೆ, ಮೆಣಸಿನದ್ದು ಇನ್ನೂ ಕೂತಿರುತ್ತದೆ. ನಿಂಬೆಯ ಲಿಮೊನೀನ್ ಹತ್ತು ಇಂಗಾಲದ ಹಗುರ ಅಣು, ಮೆಣಸಿನ ಕ್ಯಾರಿಯೊಫಿಲೀನ್ ಹದಿನೈದು ಇಂಗಾಲದ ಭಾರದ ಅಣು. ಹಗುರ ಇದ್ದದ್ದು ಮೊದಲು ಹಾರುತ್ತದೆ. ಟರ್ಪಿನೊಲೀನ್ ಕೂಡ ಹಗುರದ ಗುಂಪಿನದ್ದೇ. ಹಾಗಾಗಿ ಹಳೆಯ ಜಾಕ್ ಡಬ್ಬಿಯಲ್ಲಿ ಪೈನು, ಹೂವು ಹೋಗಿ ಬರೀ ಮೆಣಸು ಮತ್ತು ಒಣ ಹುಲ್ಲಿನ ವಾಸನೆ ಉಳಿದಿದ್ದರೆ ತಳಿಯನ್ನು ಬೈಯ್ಯುವ ಹಾಗಿಲ್ಲ.

ಗಾಂಜಾ ವಾಸನೆ ಅಂದ ತಕ್ಷಣ ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳುವುದು ಟರ್ಪೀನ್‌ಗೆ ಅಲ್ಲ. ಆ ಗಬ್ಬು ಗಂಧಕದ್ದು. ಬಹಳ ಕಾಲ ಇದನ್ನೂ ಟರ್ಪೀನ್ ಖಾತೆಗೇ ಬರೆಯುತ್ತಿದ್ದರು. 2021ರಲ್ಲಿ ಅದರ ಮುಖ್ಯ ಅಣುವನ್ನು ಗುರುತಿಸಿದರು: 3-ಮೀಥೈಲ್-2-ಬ್ಯೂಟೀನ್-1-ಥಯಾಲ್. ಬಿಯರ್ ಬಾಟಲಿಯನ್ನು ಬಿಸಿಲಲ್ಲಿಟ್ಟರೆ ಹುಟ್ಟುವ ಕೆಟ್ಟ ವಾಸನೆಗೂ ಇದೇ ಕಾರಣ. ತೀರ ಅತ್ಯಲ್ಪ ಪ್ರಮಾಣ ಸಾಕು, ಮೂಗು ಹಿಡಿದುಬಿಡುತ್ತದೆ.

ಯಾವ ಗಿಡ ಯಾವ ಟರ್ಪೀನ್ ಮಾಡಬೇಕು ಅನ್ನೋದನ್ನು ಹೇಳುವ ಜೀನ್‌ಗಳು ಒಂದೆರಡಲ್ಲ, 30ಕ್ಕೂ ಹೆಚ್ಚಿನ ದೊಡ್ಡ ಕುಟುಂಬ. 2021ರಲ್ಲಿ ಕೆನಡಾ ಮತ್ತು ನೆದರ್ಲೆಂಡ್ಸ್‌ನ ಸಂಶೋಧಕರು ನೂರಕ್ಕೂ ಹೆಚ್ಚು ಮಾದರಿಗಳ ಜೀನ್, ವಾಸನೆ, ಚೀಟಿ ಮೂರನ್ನೂ ಎದುರುಬದುರು ಇಟ್ಟು ನೋಡಿದರು. ಒಟ್ಟು ಜೀನ್‌ಗಳ ಮಟ್ಟದಲ್ಲಿ ಸಟೈವಾ ಚೀಟಿಯದ್ದಕ್ಕೂ ಇಂಡಿಕಾ ಚೀಟಿಯದ್ದಕ್ಕೂ ಗೆರೆ ಎಳೆಯೋಕೆ ಆಗಲಿಲ್ಲ. ಚೀಟಿಗೆ ಹೊಂದಿದ್ದು ಕೆಲವೇ ಕೆಲವು ಟರ್ಪೀನ್‌ಗಳು ಮಾತ್ರ. ಇಂಡಿಕಾ ಅಂತ ಬರೆದವುಗಳಲ್ಲಿ ಮರ್ಸೀನ್ ಥರದ ಮಣ್ಣಿನ ವಾಸನೆಯವು ಹೆಚ್ಚಿದ್ದವು. ಆ ವಾಸನೆಗಳ ಹಿಂದೆ ಟರ್ಪೀನ್ ಜೀನ್‌ಗಳು ಸಾಲಾಗಿ ಕೂತ ಒಂದೆರಡು ಜಾಗಗಳು ಸಿಕ್ಕವು.

ನನಗೆ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಸಂಗತಿ ಇದು. ಬೆಳೆಗಾರರು ಸುಳ್ಳು ಹೇಳುತ್ತಿರಲಿಲ್ಲ. ವಂಶ ನೋಡಿ ಚೀಟಿ ಬರೆಯುತ್ತಿದ್ದೇವೆ ಅಂದುಕೊಂಡು, ತಮಗೇ ಗೊತ್ತಿಲ್ಲದೆ, ಮೂಗಿನಿಂದ ಬರೆಯುತ್ತಿದ್ದರು ಅಂತ ಕಾಣುತ್ತದೆ.

ತಲೆಯೊಳಗೆ ಏನಾಗುತ್ತದೆ

ಟಿಎಚ್‌ಸಿಯನ್ನು ಬೇರ್ಪಡಿಸಿ ಅದರ ರಚನೆ ಹೇಳಿದ್ದು 1964ರಲ್ಲಿ, ಇಸ್ರೇಲಿನ ರಾಫೆಲ್ ಮೆಕೂಲಮ್ ಮತ್ತು ಯೆಹಿಯಲ್ ಗಾವೊನಿ. ಅದು ಮೆದುಳಲ್ಲಿ ಎಲ್ಲಿ ಹೋಗಿ ಕೂರುತ್ತದೆ ಅನ್ನೋದು ಖಚಿತವಾಗೋಕೆ ಇನ್ನೂ 25 ವರ್ಷ ಹಿಡಿಯಿತು. ಆ ಜಾಗದ ಹೆಸರು ಸಿಬಿ1 ಗ್ರಾಹಕ, ನರಕೋಶದ ಮೇಲೆ ಬೀಗದ ಹಾಗೆ ಕೂತಿರುವ ಪ್ರೋಟೀನ್. ಗಾಂಜಾಕ್ಕೋಸ್ಕರ ಯಾಕೆ ನಮ್ಮ ತಲೆಯಲ್ಲಿ ಬೀಗ ಇರಬೇಕು? ಹಾಗಾದರೆ ಮೈಯೇ ಅದಕ್ಕೊಂದು ಕೀಲಿ ಮಾಡುತ್ತಿರಬೇಕು ಅಂತ ಹುಡುಕಿದರು. 1992ರಲ್ಲಿ ಸಿಕ್ಕಿತು. ಅದಕ್ಕೆ ಇಟ್ಟ ಹೆಸರು ಆನಂದಮೈಡ್. ನಮ್ಮ 'ಆನಂದ'ವೇ.

ಆನಂದಮೈಡ್‌ನ ಕೆಲಸ ಸ್ವಾರಸ್ಯವಾಗಿದೆ. ನರಕೋಶಗಳು ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ಮಾತಾಡುತ್ತವೆ. ಈ ಕೋಶ ಹೇಳುತ್ತದೆ, ಆ ಕೋಶ ಕೇಳುತ್ತದೆ. ಆನಂದಮೈಡ್ ಮಾತ್ರ ಕೇಳುವವನಿಂದ ಹೇಳುವವನ ಕಡೆಗೆ ಹಿಂದಕ್ಕೆ ಹೋಗುತ್ತದೆ. 'ಸಾಕು, ಗೊತ್ತಾಯಿತು' ಅಂದ ಹಾಗೆ. ಬೇಕಾದ ಜಾಗದಲ್ಲಿ, ಬೇಕಾದಾಗ ಮಾತ್ರ ಹುಟ್ಟಿ, ಕ್ಷಣದಲ್ಲಿ ಕರಗಿಹೋಗುತ್ತದೆ. ಟಿಎಚ್‌ಸಿಗೆ ಆ ಶಿಸ್ತಿಲ್ಲ. ಎಲ್ಲ ಕಡೆಯ ಬೀಗಕ್ಕೂ ಒಟ್ಟಿಗೆ ಹೋಗಿ ಕೂತು ಗಂಟೆಗಟ್ಟಲೆ ಇರುತ್ತದೆ. ನೆನಪಿನ ಭಾಗದಲ್ಲಿ ಕೂತರೆ ಈಗಷ್ಟೇ ಆಡಿದ ಮಾತು ಮರೆಯುತ್ತದೆ. ಮೈಯ ಸಮತೋಲ ಹಿಡಿಯುವ ಭಾಗದಲ್ಲಿ ಕೂತರೆ ಕಾಲು ತಪ್ಪುತ್ತದೆ. ಭಯದ ಭಾಗದಲ್ಲಿ ಕೂತರೆ ಏನಾಗುತ್ತದೆ ಅನ್ನೋದು ಪ್ರಮಾಣಕ್ಕೆ ಬಿಟ್ಟದ್ದು. ಕಮ್ಮಿ ಇದ್ದರೆ ಭಯ ಇಳಿಯಬಹುದು, ಜಾಸ್ತಿಯಾದರೆ ಅದೇ ಭಯ ಹಿಡಿದುಕೊಳ್ಳಬಹುದು.

ಜಾಕ್ ಹೆರರ್ ಬಗ್ಗೆ ಬಳಸಿದವರು ಹೇಳುವುದು ಈ ಥರ. ಮೊದಲು ಕಣ್ಣಿನ ಸುತ್ತ, ಹಣೆಯಲ್ಲಿ ಒಂದು ಹಗುರ. ಆಮೇಲೆ ಯೋಚನೆ ಓಡುತ್ತದೆ, ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಹಾಡು, ಬಣ್ಣ ಗಾಢವಾಗುತ್ತವೆ, ಹತ್ತು ನಿಮಿಷ ಅರ್ಧ ಗಂಟೆಯ ಹಾಗೆ ಕಾಣುತ್ತದೆ. ಮೈ ಅಷ್ಟಾಗಿ ಜೋಲುವುದಿಲ್ಲ. ಇದೇ ಓಟ ಕೆಲವರಿಗೆ ತಿರುಗಿಬೀಳುತ್ತದೆ. ಎದೆ ಡವಡವ ಅನ್ನುತ್ತದೆ, ಆ ಡವಡವಕ್ಕೇ ಹೆದರಿಕೆಯಾಗುತ್ತದೆ, ಹೆದರಿಕೆಗೆ ಎದೆ ಇನ್ನೂ ಜೋರಾಗುತ್ತದೆ. ಟಿಎಚ್‌ಸಿ ಎದೆಬಡಿತ ಏರಿಸುವುದು ಎಲ್ಲ ತಳಿಯಲ್ಲೂ ಇದ್ದದ್ದೇ. ಸಿಬಿಡಿ ಹೆಚ್ಚುಕಮ್ಮಿ ಇಲ್ಲದ, ಟಿಎಚ್‌ಸಿ ಭರ್ತಿ ಇರುವ ತಳಿಯಲ್ಲಿ ಹೊಸಬರಿಗೆ ಇದು ಬೇಗ ಅನುಭವಕ್ಕೆ ಬರುತ್ತದೆ.

ಹಾಗಾದರೆ ಟಿಎಚ್‌ಸಿ ಎಲ್ಲದರಲ್ಲೂ ಒಂದೇ ಆಗಿದ್ದರೆ 'ಹಗಲಿನ' ಅನುಭವ ಎಲ್ಲಿಂದ ಬರುತ್ತದೆ? ಬಹಳ ಜನ ಕೊಡುವ ಉತ್ತರ ಟರ್ಪೀನ್. ಟಿಎಚ್‌ಸಿಯ ದಿಕ್ಕನ್ನು ಟರ್ಪೀನ್ ತಿರುಗಿಸುತ್ತದೆ ಅನ್ನುವ ವಾದ. ಇದಕ್ಕೆ ಪುರಾವೆ ಎರಡೂ ಕಡೆ ಇದೆ. 2020ರಲ್ಲಿ ಕೋಶಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿ ಸಾಮಾನ್ಯ ಟರ್ಪೀನ್‌ಗಳು ಗಾಂಜಾ ಗ್ರಾಹಕಗಳನ್ನು ಅಲುಗಾಡಿಸಲೇ ಇಲ್ಲ. ಮರುವರ್ಷ ಇಲಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಕೆಲವು ಟರ್ಪೀನ್‌ಗಳು ಪರಿಣಾಮ ತೋರಿಸಿದವು. ಮನುಷ್ಯರ ಮೇಲೆ ಸರಿಯಾಗಿ ಅಳೆದು ನೋಡಿದ್ದು 2024ರಲ್ಲಿ ಪ್ರಕಟವಾಯಿತು. 20 ಜನರಿಗೆ ಟಿಎಚ್‌ಸಿ ಆವಿಯನ್ನು ಒಮ್ಮೆ ಹಾಗೇ, ಇನ್ನೊಮ್ಮೆ ಲಿಮೊನೀನ್ ಸೇರಿಸಿ ಕೊಟ್ಟರು. 30 ಮಿಲಿಗ್ರಾಂ ಟಿಎಚ್‌ಸಿಗೆ 15 ಮಿಲಿಗ್ರಾಂ ಲಿಮೊನೀನ್ ಸೇರಿಸಿದಾಗ ಹೆದರಿಕೆ, ಗಾಬರಿ ಗಣನೀಯವಾಗಿ ಇಳಿಯಿತು. ಉಳಿದ ಅಮಲು ಹಾಗೇ ಇತ್ತು. ಆದರೆ ಹೂವಿನಲ್ಲಿ ಟಿಎಚ್‌ಸಿಯ ಅರ್ಧದಷ್ಟು ಲಿಮೊನೀನ್ ಎಲ್ಲಿರುತ್ತದೆ? ಶೇಕಡಾ 20 ಟಿಎಚ್‌ಸಿ ಇರುವ ಹೂವಲ್ಲಿ ಎಲ್ಲ ಟರ್ಪೀನ್ ಸೇರಿದರೂ ಎರಡು ಮೂರು. ಟರ್ಪಿನೊಲೀನ್ ಬಗ್ಗೆಯಂತೂ 'ಎಬ್ಬಿಸುತ್ತದೆ' ಅನ್ನೋದು ಬರೀ ಬಾಯಿಮಾತು. ಇಲಿಗಳಿಗೆ ಅದರ ಆವಿ ಕೊಟ್ಟಾಗ ಕಂಡದ್ದು ಉಲ್ಟಾ, ಅವು ಮಂಕಾದವು.

ನನ್ನ ಅಂದಾಜು ಕೇಳಿದರೆ, ಪ್ರಮಾಣ, ಆ ಹೊತ್ತಿನ ಮನಸ್ಸು, ಮೊದಲೇ ಕೇಳಿಸಿಕೊಂಡ ಮಾತು ಇವು ಮೂರರ ಪಾಲೇ ಹೆಚ್ಚು. ಡಬ್ಬಿ ತೆಗೆಯುವ ಮೊದಲೇ 'ಇದು ಹಗಲಿನದ್ದು' ಅಂತ ಕೇಳಿದವರಿಗೆ, ನಿಂಬೆ ಪೈನ್ ವಾಸನೆ ಮೂಗಿಗೆ ಬಡಿದಾಗ, ಅರ್ಧ ಚುರುಕು ಅಲ್ಲೇ ಬಂದಿರುತ್ತದೆ. ಸೋಪಿನ ಕಂಪನಿಯವರಿಗೆ ಇದು ಎಂದೋ ಗೊತ್ತು.

ದಾರಿಯೂ ಮುಖ್ಯ. ಸೇದಿದರೆ ನಿಮಿಷಗಳಲ್ಲಿ ಏರಿ ಎರಡು ಮೂರು ಗಂಟೆಯಲ್ಲಿ ಇಳಿಯುತ್ತದೆ. ತಿಂದರೆ ಏರೋಕೇ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಅಷ್ಟರಲ್ಲಿ ಪಿತ್ತಜನಕಾಂಗ ಅದನ್ನು 11-ಹೈಡ್ರಾಕ್ಸಿ ಟಿಎಚ್‌ಸಿ ಅನ್ನುವ ಇನ್ನೂ ಗಟ್ಟಿ ರೂಪಕ್ಕೆ ತಿರುಗಿಸಿರುತ್ತದೆ. 'ಏನೂ ಆಗಲಿಲ್ಲ' ಅಂತ ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡವರ ಕತೆಗಳೆಲ್ಲ ಇಲ್ಲೇ ಶುರುವಾಗುವುದು. ಹೀಗೆ ಹೊಟ್ಟೆಗೆ ಹೋದಾಗ ಸಟೈವಾ ಇಂಡಿಕಾ ಅನ್ನುವ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಕಾಯಿಸುವಾಗಲೇ ಹಗುರದ ಟರ್ಪೀನ್‌ಗಳು ಬಹುಪಾಲು ಹಾರಿಹೋಗಿರುತ್ತವೆ.

ಅಪಾಯದ ವಿಷಯದಲ್ಲಿ ತಳಿಯ ಹೆಸರಿಗಿಂತ ಟಿಎಚ್‌ಸಿ ಪ್ರಮಾಣವೇ ಮುಖ್ಯ. ಅಮೆರಿಕದಲ್ಲಿ ಪೊಲೀಸರು ಹಿಡಿದ ಮಾದರಿಗಳಲ್ಲಿ 1995ರಲ್ಲಿ ಸರಾಸರಿ ಶೇಕಡಾ 4ರಷ್ಟು ಟಿಎಚ್‌ಸಿ ಇತ್ತು, 2014ಕ್ಕೆ 12 ಆಯಿತು. 2019ರಲ್ಲಿ ಯುರೋಪಿನ ಹಲವು ನಗರಗಳಲ್ಲಿ ನಡೆದ ಅಧ್ಯಯನದ ಪ್ರಕಾರ, ಶೇಕಡಾ 10ಕ್ಕಿಂತ ಹೆಚ್ಚು ಟಿಎಚ್‌ಸಿ ಇರುವುದನ್ನು ದಿನಾ ಬಳಸುವವರಲ್ಲಿ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮಾನಸಿಕ ತೊಂದರೆ) ಕಾಣಿಸಿಕೊಳ್ಳುವ ಸಂಭವ ಬಳಸದವರಿಗಿಂತ ಸುಮಾರು ಐದು ಪಟ್ಟು. ಹದಿಹರೆಯದವರು, ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಮನೆಯಲ್ಲಿ ಸ್ಕಿಜೋಫ್ರೇನಿಯಾ ಇರುವವರಿಗೆ ಇದು ದೂರ ಇಡಬೇಕಾದದ್ದೇ. ಅಮಲು ಇಳಿಯಿತು ಅನ್ನಿಸಿದ ಮೇಲೂ ಗಾಡಿ ಓಡಿಸುವ ಕೈ ಸರಿಯಾಗಿರುವುದಿಲ್ಲ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ, ಬಹಳ ಕಡೆ ಇನ್ನೂ ಜೈಲೇ.

ಕೊನೆಗೆ ಜಾಕ್ ಹೆರರ್ ಅಂತ ಬರೆದ ಎರಡು ಡಬ್ಬಿಗಳನ್ನು ಪಕ್ಕಪಕ್ಕ ಇಟ್ಟುಕೊಂಡಿದ್ದೀರಿ ಅಂದುಕೊಳ್ಳಿ. ಎರಡರ ಮೇಲೂ 'ಸಟೈವಾ ಹೆಚ್ಚು'. ಎರಡಕ್ಕೂ ಲ್ಯಾಬ್ ವರದಿ ಇದೆ. ಒಂದರ ಟರ್ಪೀನ್ ಪಟ್ಟಿಯಲ್ಲಿ ಮೊದಲ ಹೆಸರು ಟರ್ಪಿನೊಲೀನ್, ಟಿಎಚ್‌ಸಿ 16. ಇನ್ನೊಂದರಲ್ಲಿ ಮೊದಲ ಹೆಸರು ಮರ್ಸೀನ್, ಟಿಎಚ್‌ಸಿ 23. ಮುಚ್ಚಳ ತೆಗೆದರೆ ಮೊದಲನೆಯದರಲ್ಲಿ ಪೈನ್ ಹಲಗೆ, ಎರಡನೆಯದರಲ್ಲಿ ಹಣ್ಣಾದ ಮಾವು ಮತ್ತು ಒದ್ದೆ ಮಣ್ಣು. ಎರಡನೆಯದು ನಾರ್ದರ್ನ್ ಲೈಟ್ಸ್ ಕಡೆ ವಾಲಿದ ತಮ್ಮನಿರಬಹುದು. ಅಥವಾ ಯಾರೋ ಯಾವಾಗಲೋ ಬೇರೆ ಗಿಡಕ್ಕೆ ಈ ಹೆಸರು ಬರೆದು, ಅದೇ ಮುಂದುವರಿದಿರಬಹುದು.